ಕಟ್ಟುವುದು ಸುಲಭ, ಬಿಚ್ಚಬೇಕಲ್ಲ!

ಪ್ರಶ್ನೆ: ರಾಮೇಶ್ವರದಲ್ಲಿ ಕೈಟ್‌ಸರ್ಫಿಂಗ್ ಕಲಿತು ಬಂದ ನನ್ನ ತಮ್ಮ ಹಳೆಯ ಹಾರ್ನೆಸ್ಸು, ಕಂಟ್ರೋಲ್ ಬಾರು ಕೊಂಡು ತಂದಿದ್ದಾನೆ. ಸೊಂಟಪಟ್ಟಿ ಸಡಿಲ, ದಾರಗಳು ಸಮ ಇಲ್ಲ, ಬಿಚ್ಚುವ ಕೊಂಡಿ ಬಿಗಿದುಕೊಂಡಿದೆ. ಕಲಬುರಗಿಯಲ್ಲಿ ಸೀಟ್ ಕವರ್ ಹೊಲಿಯುವವರ ಕೈಲಿ ಪಟ್ಟಿ ಹೊಲಿಸಿ, ಟವರ್ ಹತ್ತುವವರ ಬೆಲ್ಟಿನ ಕೊಂಡಿ ಹಾಕಿದರೆ ನಡೆಯುತ್ತದೆಯೇ? ನಮ್ಮ ಗಂಡೋರಿ ನಾಲಾ ಜಲಾಶಯದಲ್ಲಿ ಆಡಿ ನೋಡಬಹುದೇ?
— ಓದುಗರು, ಕಮಲಾಪುರ

ಉತ್ತರ: ದಾರ ಸಮ ಮಾಡುವುದು ಮನೆಯಲ್ಲೇ ಆಗುವ ಕೆಲಸ. ಪಟ್ಟಿಯದು ಅರ್ಧ ಆಗುತ್ತದೆ, ಅರ್ಧ ಆಗದು. ಕೊಂಡಿಯ ವಿಚಾರ ಮಾತ್ರ ಬಿಟ್ಟೇ ಬಿಡಿ. ಯಾಕೆಂದು ಹೇಳುತ್ತೇನೆ.

ಸಂಕ್ರಮಣದ ಸುತ್ತ ಮಾಳಿಗೆ ಹತ್ತಿ ಪತಂಗ ಹಾರಿಸಿದವರಿಗೆಲ್ಲ ಸೂತ್ರದ ಮಹತ್ವ ಗೊತ್ತು. ಗಂಟು ಅರ್ಧ ಬೆರಳು ಮೇಲೆ ಹೋದರೆ ಒಂದು ಚಾಳಿ, ಕೆಳಗೆ ಬಂದರೆ ಇನ್ನೊಂದು. ಆದರೆ ಸೂತ್ರ ಹರಿದರೆ ಹೋಗುವುದು ಪತಂಗ ಮಾತ್ರ. ಗಾಳಿಪಟದ ಎಳೆತದಲ್ಲಿ ನೀರಿನ ಮೇಲೆ ಜಾರುವ ಕೈಟ್‌ಸರ್ಫಿಂಗಿನಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿಯ ಗಾಳಿಪಟ ಸಾಮಾನ್ಯವಾಗಿ ಎಂಟು, ಹತ್ತು, ಹನ್ನೆರಡು ಚದರ ಮೀಟರಿನದು. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಎಳೆತ ನಾಲ್ಕು ಪಟ್ಟಾಗುತ್ತದೆ. ದಾರ ಹರಿಯುವುದು ಅಪಾಯವೇ. ಬಿಡಬೇಕಾದ ಹೊತ್ತಿಗೆ ಬಿಡದಿರುವುದು ಅದಕ್ಕಿಂತ ದೊಡ್ಡ ಅಪಾಯ.

ಕೈಯಲ್ಲಿ ಹಿಡಿಯುವ ಬಾರಿನಿಂದ ಸಾಮಾನ್ಯವಾಗಿ ನಾಲ್ಕು ದಾರ ಹೊರಡುತ್ತವೆ. ನಡುವಿನ ಎರಡು ಹೆಚ್ಚಿನ ಭಾರ ಹೊರುತ್ತವೆ, ತುದಿಗಳ ಎರಡು ಗಾಳಿಪಟವನ್ನು ತಿರುಗಿಸುತ್ತವೆ. ಭಾರವನ್ನು ತೋಳು ಹೊರುವುದಿಲ್ಲ. ಬಾರಿನ ನಡುವೆ ಇಳಿದ ಹಗ್ಗದ ತುದಿಯಲ್ಲಿ ಚಿಕನ್ ಲೂಪ್ ಎಂಬ ಗಟ್ಟಿ ಬಳೆ ಇರುತ್ತದೆ. ಅದು ಸೊಂಟದ ಹಾರ್ನೆಸ್ಸಿನ ಕೊಕ್ಕೆಗೆ ಸಿಕ್ಕಿಕೊಳ್ಳುವುದರಿಂದ ಇಡೀ ಮೈಯೇ ಭಾರ ಹೊರುತ್ತದೆ. ಆ ಬಳೆಯ ಮೇಲೆಯೇ ಕ್ವಿಕ್ ರಿಲೀಸ್, ಅಂದರೆ ನೀವು ಹೇಳುವ ಬಿಚ್ಚುವ ಕೊಂಡಿ, ಇದೆ. ಅಪಾಯ ಬಂದಾಗ ಮೊದಲು ಬಾರು ಬಿಡಬೇಕು. ಆಮೇಲೆ ಕ್ವಿಕ್ ರಿಲೀಸ್ ತಳ್ಳಬೇಕು. ಆಗ ಗಾಳಿಪಟ ಒಂದೇ ದಾರಕ್ಕೆ ಜೋತು ಬಲ ಕಳೆದುಕೊಳ್ಳುತ್ತದೆ. ಅದೂ ಸಾಲದಿದ್ದರೆ ಆ ದಾರವನ್ನು ಹಾರ್ನೆಸ್ಸಿಗೆ ಕಟ್ಟಿರುವ ಲೀಶನ್ನೂ ಕಳಚಿ ಗಾಳಿಪಟದ ಆಸೆ ಬಿಡಬೇಕು. ಈ ಬಿಡುವ ಸಾಧನಕ್ಕೆಂದೇ 2020ರಲ್ಲಿ ಐಎಸ್‌ಒ 21853 ಎಂಬ ಅಂತರರಾಷ್ಟ್ರೀಯ ಮಾನದಂಡ ಬಂದಿದೆ.

ಈಗ ಟವರ್ ಬೆಲ್ಟನ್ನು ನೋಡಿ. ಅದನ್ನು ಮಾಡಿರುವುದೇ ಮನುಷ್ಯ ಕೆಳಗೆ ಬೀಳದಂತೆ ಹಿಡಿಯಲು. ಭಾರ ಬಿದ್ದಾಗ ಅದರ ಕೊಂಡಿ ತೆರೆಯಬಾರದು, ಅದೇ ಅದರ ಗುಣ. ನಿಮಗೆ ಬೇಕಾದದ್ದು ನೇರ ವಿರುದ್ಧ ಗುಣದ್ದು. ಎತ್ತು ಹೂಡಿದವರನ್ನು ಕೇಳಿ: ಜತ್ತಿಗೆ ಎಷ್ಟೇ ಗಟ್ಟಿಯಾಗಿರಲಿ, ಎತ್ತು ಮುಗ್ಗರಿಸಿದರೆ ಒಂದೇ ಎಳೆತಕ್ಕೆ ಬಿಚ್ಚುವಂತೆ ಕಟ್ಟಿರಬೇಕು ಎನ್ನುತ್ತಾರೆ. ಆದ್ದರಿಂದ ಕೊಂಡಿ ಬಿಗಿದಿದ್ದರೆ ಸಿಹಿನೀರಿನಲ್ಲಿ ನೆನೆಸಿ, ಉಪ್ಪು ಮರಳು ತೊಳೆದು, ಹತ್ತಾರು ಸಲ ಬಿಚ್ಚಿ ಹಾಕಿ ನೋಡಿ. ಎಣ್ಣೆ ಬಿಡಬೇಡಿ, ಮರಳು ಇನ್ನಷ್ಟು ಅಂಟುತ್ತದೆ. ಸಡಿಲವಾಗದಿದ್ದರೆ ಅದೇ ಕಂಪನಿಯ, ಅದೇ ಬಾರಿನ ಹೊಸ ಭಾಗವನ್ನೇ ಕೊಳ್ಳಿ.

ಇನ್ನು ಸೊಂಟಪಟ್ಟಿ. ಒಳಗೆ ಫೋಮ್ ಸೇರಿಸುವುದು, ಹಗ್ಗ ಕತ್ತರಿಸುವ ಪುಟ್ಟ ಚಾಕುವಿಗೆ ಹೊರಬಟ್ಟೆಯ ಮೇಲೆ ಜೇಬು ಹೊಲಿಸುವುದು, ಸವೆದ ವೆಲ್ಕ್ರೋ ಬದಲಿಸುವುದು, ಇಷ್ಟನ್ನು ಸೀಟ್ ಕವರ್ ಹೊಲಿಯುವವರು ಚೆನ್ನಾಗಿಯೇ ಮಾಡುತ್ತಾರೆ. ಆದರೆ ಕೊಕ್ಕೆಯಿಂದ ಬೆನ್ನಿನವರೆಗೆ ಹೋಗುವ ನೇಯ್ದ ಪಟ್ಟಿಗೆ ಸೂಜಿ ತಾಗಬಾರದು. ದಬ್ಬಳ ಚುಚ್ಚಿದ ಕಡೆಯೆಲ್ಲ ಎಳೆಗಳು ತುಂಡಾಗಿರುತ್ತವೆ. ಮೇಲಿನ ಹೊಲಿಗೆ ಅದನ್ನು ಮುಚ್ಚುತ್ತದೆ, ಅಷ್ಟೆ. ಎಷ್ಟು ಬಿಗಿದರೂ ಹಾರ್ನೆಸ್ಸು ಎದೆಗೆ ಏರುತ್ತಿದ್ದರೆ ಅಳತೆಯೇ ದೊಡ್ಡದೆಂದು ತಿಳಿಯಿರಿ.

ದಾರದ ಕೆಲಸಕ್ಕೆ ಸುಮಾರು ಇಪ್ಪತ್ತೈದು ಮೀಟರ್ ಉದ್ದದ ಜಾಗ ಬೇಕು. ಕಣವೋ ಅಂಗಳವೋ ಸಾಕು. ಶಹಾಬಾದಿ ಕಲ್ಲಿನ ಅಂಚಿಗೆ ದಾರ ಉಜ್ಜದಂತೆ ತಾಡಪತ್ರಿ ಹಾಸಿಕೊಳ್ಳಿ. ನಾಲ್ಕೂ ದಾರದ ತುದಿಗಳನ್ನು ಒಂದೇ ಗೂಟಕ್ಕೆ ಸಿಕ್ಕಿಸಿ. ನಡುವಿನ ದಾರಗಳ ಉದ್ದ ಹೊಂದಿಸುವ ಟ್ರಿಮ್ ಹಗ್ಗವನ್ನು ಪೂರ್ತಿ ಸಡಿಲ ಬಿಟ್ಟು, ಬಾರನ್ನು ಚಿಕನ್ ಲೂಪಿನತ್ತ ಪೂರ್ತಿ ಎಳೆದುಕೊಂಡು ಹಿಂದಕ್ಕೆ ಒರಗಿ. ನಾಲ್ಕೂ ಒಂದೇ ಬಿಗಿತದಲ್ಲಿ ನಿಂತು ಬಾರು ಅಡ್ಡ ನೇರವಾಗಿದ್ದರೆ ಸರಿ. ನಡುವಿನ ದಾರಗಳು ಭಾರ ಹೊತ್ತು ಹೊತ್ತು ಉದ್ದವಾಗಿರುವುದೇ ಹೆಚ್ಚು. ಆಗ ತುದಿಯ ದಾರಗಳು ಗಿಡ್ಡವೆನಿಸಿ ಗಾಳಿಪಟ ಹಿಂದಕ್ಕೆ ಜಾರಿ ಬೀಳುತ್ತದೆ. ತುದಿಹಗ್ಗದಲ್ಲಿ ಸಾಲಾಗಿ ಹಾಕಿರುವ ಗಂಟುಗಳಿರುತ್ತವೆ. ಒಂದು ಗಂಟು ಆಚೆ ಈಚೆ ಸಿಕ್ಕಿಸಿದರೆ ಸಮವಾಗುತ್ತದೆ. ಪತಂಗಕ್ಕೆ ಸೂತ್ರ ಕಟ್ಟಿದ ಕೈಗೆ ಇದು ಕಷ್ಟವಲ್ಲ.

ದಾರ ಹರಿದಿದ್ದರೆ ಮಾತ್ರ ಗಂಟು ಹಾಕಿ ಜೋಡಿಸಬೇಡಿ. ಅದು ಡೈನೀಮಾ ಎಂಬ ನೂಲು. ಎರಡು ಮಿಲಿಮೀಟರಿಗಿಂತ ತೆಳ್ಳಗಿದ್ದೂ ನೂರಾರು ಕಿಲೋ ಭಾರ ತಡೆಯುತ್ತದೆ. ಆದರೆ ಬಹಳ ನುಣುಪು, ಗಂಟು ಜಾರುತ್ತದೆ. ಜಾರದಿದ್ದರೂ ಗಂಟಿನ ಜಾಗದಲ್ಲಿ ಬಲ ಅರ್ಧದಷ್ಟು ಕುಸಿಯಬಹುದು. ಅದರ ಬದಲಿಗೆ ನೈಲಾನ್ ಹಗ್ಗವೂ ಬೇಡ, ಅದು ಹಿಗ್ಗುತ್ತದೆ. ನಮ್ಮ ಬೇಸಿಗೆಯಲ್ಲಿ ಈ ಸಾಮಾನನ್ನು ಬಿಸಿಲಿನಲ್ಲಾಗಲಿ ತಗಡಿನ ಶೆಡ್ಡಿನಲ್ಲಾಗಲಿ ಇಡಬೇಡಿ. ಬಿಸಿಲು ದಾರವನ್ನೂ ಪಟ್ಟಿಯನ್ನೂ ತಿನ್ನುತ್ತದೆ, ಕಾವಿಗೆ ಗಾಳಿಪಟಕ್ಕೆ ಗಾಳಿ ತುಂಬುವ ವಾಲ್ವುಗಳ ಅಂಟು ಬಿಡುತ್ತದೆ.

ಗಂಡೋರಿ ನಾಲಾದಲ್ಲಿ ಬೇಡ. ಸಮುದ್ರದ ಮೇಲಿಂದ ಬರುವ ಗಾಳಿ ಒಂದೇ ಸಮ ಬೀಸುತ್ತದೆ. ನಮ್ಮ ಒಳನಾಡಿನ ಗಾಳಿ ದಿಬ್ಬ, ಗಿಡಮರ ದಾಟಿ ಬರುವಾಗ ಒಮ್ಮೆ ನಿಂತು ಒಮ್ಮೆ ನುಗ್ಗುತ್ತದೆ. ದಂಡೆಯಲ್ಲಿ ಜಾಲಿ, ವಿದ್ಯುತ್ ತಂತಿ, ನೀರಿನಲ್ಲಿ ಮೀನುಬಲೆ ಇರಬಹುದು. ಬಿದ್ದರೆ ಎತ್ತಲು ದೋಣಿ ಬರುವುದೂ ಅನುಮಾನ.

ತಮ್ಮನಿಗೆ ಒಂದು ಮಾತು ಹೇಳಿ. ಮತ್ತೆ ರಾಮೇಶ್ವರಕ್ಕೆ ಹೊರಡುವ ಮುಂಚೆ ಹಾರ್ನೆಸ್ಸು ತೊಟ್ಟು ಅದರ ಕೊಕ್ಕೆಗೆ ಚಿಕನ್ ಲೂಪ್ ಸಿಕ್ಕಿಸಿ, ಬಾರಿನ ನಡುವಿನ ದಾರಗಳನ್ನು ಗಟ್ಟಿ ಕಂಬಕ್ಕೆ ಕಟ್ಟಿದ ಹಗ್ಗಕ್ಕೆ ಜೋಡಿಸಲಿ. ಹಿಂದೆ ಹಾಸಿಗೆ ಹಾಕಿಕೊಂಡು ಮೈಭಾರ ಬಿಟ್ಟು ಒರಗಲಿ. ಕಣ್ಣು ಮುಚ್ಚಿ, ಒಂದೇ ಕೈಯಲ್ಲಿ ಕ್ವಿಕ್ ರಿಲೀಸ್ ತಳ್ಳಲಿ. ಹತ್ತಕ್ಕೆ ಹತ್ತು ಸಲವೂ ಹಾಸಿಗೆ ಮೇಲೆ ಬಿದ್ದರೆ ಸಾಮಾನು ಸರಿ ಇದೆ. ಒಂಬತ್ತು ಸಲ ಬಿದ್ದರೆ ಸರಿ ಇಲ್ಲ.