ಕವಾಟದ ಆಪರೇಶನ್ ನಂತರ ಮಗುವಿನ ಹೃದಯ



"ಆಪರೇಶನ್‌ಗೆ ಮೊದಲು ಎಕೋದಲ್ಲಿ 65 ಇತ್ತು, ಈಗ 50 ಬಂದಿದೆ. ಮಗುವಿನ ಹೃದಯ ಮತ್ತಷ್ಟು ಕೆಟ್ಟಿತೇ ಡಾಕ್ಟರೇ?" ಹೀಗೆ ಗಾಬರಿಯಿಂದ ಕೇಳುವ ಪಾಲಕರು ಬಹಳ. ಉತ್ತರ ಮೊದಲೇ ತಿಳಿದಿರಲಿ.

ಹೃದಯದ ಎಡಭಾಗದಲ್ಲಿ ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವೆ ಮೈಟ್ರಲ್ ಕವಾಟವಿದೆ. ಗಂಟಲು ನೋವು ಬಂದು ಎರಡು-ಮೂರು ವಾರಗಳ ಮೇಲೆ ಕಾಣಿಸುವ ರುಮ್ಯಾಟಿಕ್ ಜ್ವರದಿಂದ ಈ ಕವಾಟ ಕೆಟ್ಟು ಸೋರತೊಡಗುತ್ತದೆ. ಪಂಪ್‌ಸೆಟ್ಟಿನ ಫುಟ್‌ವಾಲ್ವ್ ಸೋರಿದರೆ ನೀರು ಮರಳಿ ಬಾವಿಗೇ ಇಳಿಯುವುದನ್ನು ನೀವು ಕಂಡಿದ್ದೀರಿ, ಇದೂ ಹಾಗೆಯೇ.

65 ಎಂದರೆ ಕೆಳಗಿನ ಕೋಣೆ ತನ್ನಲ್ಲಿದ್ದ ರಕ್ತದ 100 ಪಾಲಿನಲ್ಲಿ 65 ಪಾಲನ್ನು ಒಂದು ಬಡಿತಕ್ಕೆ ಹೊರಹಾಕಿತು ಎಂದರ್ಥ. ಅದರಲ್ಲಿ ಮೈಗೆ ಹೋದದ್ದೆಷ್ಟು, ಸೋರಿ ಹಿಂದಕ್ಕೆ ಹೋದದ್ದೆಷ್ಟು ಎಂಬುದನ್ನು ಈ ಸಂಖ್ಯೆ ಹೇಳುವುದಿಲ್ಲ. ಮೇಲಿನ ಕೋಣೆಯಲ್ಲಿ ಒತ್ತಡ ಕಡಿಮೆ, ಆದ್ದರಿಂದ ಹಿಂದಕ್ಕೆ ತಳ್ಳುವುದು ಸುಲಭ. ಹೀಗಾಗಿ ದಣಿದ ಹೃದಯವೂ ಗಟ್ಟಿಯಾಗಿರುವಂತೆ ತೋರುತ್ತದೆ. ಸೋರಿಕೆ ನಿಂತ ಮೇಲೆ ಎಲ್ಲ ರಕ್ತವನ್ನೂ ಮುಂದಕ್ಕೇ ದೂಡಬೇಕು. ಆಗ ಹೃದಯದ ನಿಜವಾದ ಶಕ್ತಿ ಕಾಣುತ್ತದೆ, ಸಂಖ್ಯೆ ಇಳಿಯುತ್ತದೆ.

ಆದ್ದರಿಂದ ವೈದ್ಯರು ಈ ಒಂದು ಸಂಖ್ಯೆಯನ್ನೇ ನಂಬುವುದಿಲ್ಲ. ಸೋರಿಕೆ ಜೋರಾಗಿರುವಾಗ 60ಕ್ಕಿಂತ ಕೆಳಗೆ ಬಂದರೆ ಹೃದಯ ಆಗಲೇ ಸೋತಿದೆ ಎಂದು ತಿಳಿಯುತ್ತಾರೆ. ಸೋರಿಕೆ ಇಲ್ಲದವರಲ್ಲಿ 58 ಸಹ ಚೆನ್ನಾಗಿಯೇ ಇದ್ದಂತೆ. ಕೋಣೆ ಪೂರ್ತಿ ಕುಗ್ಗಿದಾಗಲೂ ಎಷ್ಟು ದೊಡ್ಡದಾಗಿ ಉಳಿಯುತ್ತದೆ ಎಂಬುದನ್ನು ಮಗುವಿನ ಎತ್ತರ, ತೂಕಕ್ಕೆ ಹೋಲಿಸಿ ನೋಡುತ್ತಾರೆ. ಹಿಂದಿನ ಎಕೋಗಿಂತ ಅದು ಹಿಗ್ಗಿದೆಯೇ ಎಂಬುದೂ ಮುಖ್ಯ. ಹಳೆಯ ರಿಪೋರ್ಟುಗಳನ್ನು ದಯವಿಟ್ಟು ಎಸೆಯಬೇಡಿ.

"ಮಗು ಆಡಿಕೊಂಡೇ ಇದೆಯಲ್ಲ, ಸುಗ್ಗಿ ಮುಗಿಯಲಿ" ಎಂದು ಮುಂದೂಡುವವರಿದ್ದಾರೆ. ಅವರ ಕಷ್ಟ ನಮಗೆ ತಿಳಿಯದ್ದಲ್ಲ. ಆದರೆ ಹೃದಯ ಬಹಳ ಹಿಗ್ಗಿದ ಮೇಲೆ ಕವಾಟ ಸರಿಮಾಡಿದರೂ ಶಕ್ತಿ ಪೂರ್ತಿ ಮರಳದೇ ಹೋಗಬಹುದು. ಸಕಾಲಕ್ಕೆ ಆಪರೇಶನ್ ಆದ ಎಷ್ಟೋ ಮಕ್ಕಳಲ್ಲಿ ಕೋಣೆ ಕೆಲವು ತಿಂಗಳಲ್ಲಿ ಕುಗ್ಗಿ, ಇಳಿದ ಸಂಖ್ಯೆ ಮತ್ತೆ ಏರುತ್ತದೆ.

ಕವಾಟ ಸರಿಯಾಯಿತೆಂದು ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ ಕೊಡುವ ಪೆನಿಸಿಲಿನ್ ಇಂಜೆಕ್ಷನ್ ನಿಲ್ಲಿಸಬೇಡಿ. ಜ್ವರ ಮರುಕಳಿಸಿದರೆ ಹೃದಯಕ್ಕೆ ಮತ್ತೆ ಪೆಟ್ಟು. ಮಗುವಿಗೆ ಮಲಗಿದಾಗ ಉಸಿರು ಕಟ್ಟಿದರೆ, ಕಾಲು ಬಾತರೆ, ತೂಕ ಒಮ್ಮೆಲೇ ಏರಿದರೆ ಅಥವಾ ಜ್ವರ ಬಂದರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಕೂಡಲೇ ಕರೆತನ್ನಿ.