ಕತೆಗೂ ಒಂದು ಚೆಕ್ಕುಬಂದಿ

ಕತೆ ಬರೆಯಲು ಏನು ಓದಬೇಕು ಎಂದು ಕೇಳಿಕೊಂಡು ಬರುವ ಹುಡುಗರಿಗೆ ನಾನು ಮೊದಲು ಒಂದು ಹಳೇ ಕ್ರಯಪತ್ರದ ನಕಲು ಕೊಡುತ್ತೇನೆ. ಮುಖ ಮುಖ ನೋಡಿಕೊಳ್ಳುತ್ತಾರೆ. ತಮಾಷೆಗೆ ಕೊಡುವುದಲ್ಲ ಅದು. ತಿಪಟೂರು ಸೀಮೆಯ ಸಬ್‌ರಿಜಿಸ್ಟ್ರಾರ್ ಕಚೇರಿಯೊಂದರ ಎದುರು ಮೇಜು ಹಾಕಿಕೊಂಡು ಪತ್ರ ಬರೆಯುವುದು ನನ್ನ ಕಸುಬು. ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಹಕ್ಕು ಖುಲಾಸೆ ಪತ್ರ, ವಿಲ್ಲು. ರಾತ್ರಿ ಊಟವಾದ ಮೇಲೆ ಕತೆ ಬರೆಯುತ್ತೇನೆ. ಒಂದಷ್ಟು ಅಚ್ಚಾಗಿವೆ, ಇನ್ನೊಂದಷ್ಟು ಟ್ರಂಕಿನಲ್ಲಿವೆ. ದೊಡ್ಡ ಕತೆಗಾರನೇನೂ ಅಲ್ಲ, ಆದರೆ ಕತೆ ಕಟ್ಟುವ ಕೆಲಸದಲ್ಲಿ ನನಗೆ ದಕ್ಕಿದ್ದರಲ್ಲಿ ಮುಕ್ಕಾಲು ಪಾಲು ಈ ಮೇಜಿನ ಮುಂದೆಯೇ ದಕ್ಕಿದ್ದು.

ಪತ್ರದ ಭಾಷೆಗೆ ಪೂರ್ಣವಿರಾಮ ಕಂಡರಾಗದು. ‘ಬರೆಸಿಕೊಟ್ಟ ಶುದ್ಧ ಕ್ರಯಪತ್ರದ ಕ್ರಮವೇನೆಂದರೆ’ ಎಂದು ಹೊರಟರೆ ಉಸಿರು ಬಿಡುವುದು ಷೆಡ್ಯೂಲಿನ ಹತ್ತಿರವೇ. ಅದನ್ನು ಯಾರೂ ಅನುಕರಿಸಬೇಕಿಲ್ಲ. ಆದರೆ ಷೆಡ್ಯೂಲಿನಲ್ಲಿ ಚೆಕ್ಕುಬಂದಿ ಅಂತ ಬರುತ್ತದಲ್ಲ, ಅದು ಕತೆಗಾರ ಕಣ್ಣಿಗೊತ್ತಿಕೊಳ್ಳಬೇಕಾದ ಸರಕು. ಪೂರ್ವಕ್ಕೆ ಯಾರ ತೋಟ, ಪಶ್ಚಿಮಕ್ಕೆ ಯಾವ ಹಳ್ಳ, ಉತ್ತರಕ್ಕೆ ಓಣಿ, ದಕ್ಷಿಣಕ್ಕೆ ಅದೇ ನಂಬರಿನಲ್ಲಿ ಉಳಿದ ಜಮೀನು. ನಾಲ್ಕು ದಿಕ್ಕೂ ಹೇಳದ ಪತ್ರವನ್ನು ಯಾವ ಕಚೇರಿಯೂ ನೋಂದಾಯಿಸುವುದಿಲ್ಲ. ಕತೆಯಲ್ಲಿ ಮಾತ್ರ ಜನ ಎಲ್ಲಿಯೂ ಅಲ್ಲದ ಒಂದು ಮನೆಯಲ್ಲಿ ಕೂತು ಮಾತಾಡುತ್ತಾರೆ.

ಹಾಗಾಗಿ ಬರೆಯಲು ಕೂರುವ ಮೊದಲು ನಾನು ಮುಖ್ಯ ಪಾತ್ರದ ಮನೆಗೆ ಚೆಕ್ಕುಬಂದಿ ಬರೆದುಕೊಳ್ಳುತ್ತೇನೆ. ನಿವೃತ್ತ ಮೇಷ್ಟ್ರೊಬ್ಬರ ಕತೆಯನ್ನು ಹೇಗೂ ಮುಂದೆ ತಳ್ಳಲಾಗದೆ ಕೂತಿದ್ದಾಗ ಅವರ ಮನೆಯ ಪಶ್ಚಿಮಕ್ಕೆ ‘ಹಿಟ್ಟಿನ ಗಿರಣಿ’ ಎಂದು ಬರೆದೆ. ಬೇರೇನೂ ಇರಲಿಲ್ಲ, ಏನೋ ಒಂದು ಬರೆಯಬೇಕಿತ್ತು, ಬರೆದೆ. ಗಿರಣಿ ಬಂದ ಮೇಲೆ ಅದರ ಸದ್ದು ಬಂತು. ಬೆಳಗಿನಿಂದ ಸಂಜೆವರೆಗೆ ಆ ಸದ್ದಿನಲ್ಲಿ ಗಂಡ ಹೆಂಡತಿ ಒಬ್ಬರಿಗೊಬ್ಬರು ಕೂಗಿ ಹೇಳುವುದು, ಕೇಳಿಸಲಿಲ್ಲ ಎನ್ನುವುದು, ಸುಮ್ಮನಾಗುವುದು. ಒಂದು ಮಧ್ಯಾಹ್ನ ಕರೆಂಟು ಹೋಯಿತು. ಗಿರಣಿ ನಿಂತಿತು. ಕೇಳಿಸಲಿಲ್ಲ ಎನ್ನುವ ನೆಪ ಇಬ್ಬರಿಗೂ ತಪ್ಪಿಹೋಯಿತು. ಕತೆ ಅಲ್ಲಿಂದ ತಾನಾಗಿ ನಡೆಯಿತು. ಸ್ಫೂರ್ತಿ ಎಂದು ದೊಡ್ಡವರು ಹೇಳುವುದು ಇದನ್ನೇ ಇರಬಹುದು. ನನ್ನ ಮಟ್ಟಿಗೆ ಅದು ಪಶ್ಚಿಮ ದಿಕ್ಕಿನಿಂದ ಬಂತು.

ಕಸುಬು ಬಿಟ್ಟು ಪೂರ್ತಿ ಬರವಣಿಗೆಗೆ ಕೂರಬೇಕು ಎಂದು ಹಂಬಲಿಸುವವರನ್ನು ಕಂಡರೆ ನನಗೆ ಅಚ್ಚರಿ. ಕನ್ನಡದ ಸಣ್ಣಕತೆಯನ್ನು ಕಟ್ಟಿದವರು ಯಾರು? ಮಾಸ್ತಿ ಮೈಸೂರು ಸಂಸ್ಥಾನದಲ್ಲಿ ಅಧಿಕಾರಿ. ಬೆಸಗರಹಳ್ಳಿ ರಾಮಣ್ಣ ಡಾಕ್ಟರು. ಯಶವಂತ ಚಿತ್ತಾಲರು ಮುಂಬಯಿಯ ರಾಸಾಯನಿಕ ಉದ್ಯಮದಲ್ಲಿ ಕೆಲಸ ಮಾಡಿಕೊಂಡೇ ಉತ್ತರ ಕನ್ನಡದ ಹನೇಹಳ್ಳಿಯನ್ನು ಮತ್ತೆ ಮತ್ತೆ ಬರೆದರು. ನಮ್ಮ ಪಕ್ಕದ ಹಾಸನದ ಬಾನು ಮುಷ್ತಾಕ್ ವಕೀಲರು. 2025ರಲ್ಲಿ ಅವರ ಕತೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ನಮ್ಮ ಕಚೇರಿ ಎದುರಿನ ವಕೀಲರೆಲ್ಲ ಒಂದು ವಾರ ಕತೆಯ ಬಗ್ಗೆ ಮಾತಾಡಿದರು. ಆಮೇಲೆ ಎಂದಿನಂತೆ ವಾಯಿದೆ. ಅನುವಾದಿಸಿದ ದೀಪಾ ಭಾಸ್ತಿಯವರಿಗೂ ಆ ಬಹುಮಾನದಲ್ಲಿ ಸಮಪಾಲಿದೆ ಎಂದಾಗ ಒಬ್ಬರು, “ಅಂದ್ರೆ ಜಂಟಿ ಖಾತೆ” ಎಂದರು. ಇವರೆಲ್ಲರ ಹತ್ತಿರ ದಿನವೂ ಜನ ಬಂದು ತಮ್ಮ ಕಷ್ಟ ಹೇಳಿಕೊಳ್ಳುತ್ತಿದ್ದರು ಎಂದಲ್ಲ. ಆದರೆ ಮನೆಯಾಚೆಗಿನ ಒಂದು ಲೋಕದಲ್ಲಿ ದಿನವೂ ಕೂತೆದ್ದವರು ಎಲ್ಲರೂ.

ಈ ಮೇಜಿನ ಮುಂದೆ ನಡೆದ ಒಂದು ಸಂಗತಿ ಹೇಳುತ್ತೇನೆ. ಗುರುತು ಸಿಗದ ಹಾಗೆ ಊರು ಕೇರಿ ಬದಲಿಸಿದ್ದೇನೆ.

ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಬಂತು, ದೇಶಕ್ಕೆಲ್ಲ 2005ರಲ್ಲಿ. ಕಾಯಿದೆ ಬಂದ ಮೇಲೆ ನಮಗೆ ಹಕ್ಕು ಖುಲಾಸೆ ಪತ್ರದ ಕೆಲಸ ಜಾಸ್ತಿಯಾಯಿತು. ಮೊದಲೆಲ್ಲ ತಂಗಿಯನ್ನು ಕೇಳುವ ಗೋಜೇ ಇರಲಿಲ್ಲ. ಈಗ ಅವಳ ಸಹಿ ಬೇಕು. ಹಾಗೆ ಒಂದು ದಿನ ಅಣ್ಣ ತಮ್ಮಂದಿರಿಬ್ಬರು ನಡುವಿನವಳನ್ನು ಕರೆತಂದರು. ತೆಂಗಿನ ತೋಟ, ಬೋರ್‌ವೆಲ್ ಸಮೇತ. ಆಕೆ ಮಗಳ ಮದುವೆಗೆ ಉಡುವಂಥ ಸೀರೆ ಉಟ್ಟಿದ್ದರು. ಅಣ್ಣ, “ಅವಳಿಗೇನೂ ಬ್ಯಾಡ ಬಿಡಿ ಸ್ವಾಮಿ, ನಮ್ಮವಳು” ಎಂದರು. ಪತ್ರವನ್ನು ಓದಿ ಹೇಳುವುದು ನನ್ನ ಪದ್ಧತಿ. ‘ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ’ ಎನ್ನುವ ಕಡೆ ನಾನು ಸಾಮಾನ್ಯವಾಗಿ ತಲೆಯೆತ್ತಿ ನೋಡುತ್ತೇನೆ. ನೋಡಿದೆ. ಆಕೆ ತಲೆಯಾಡಿಸಿದರು. ಪೆನ್ನು ಕೈಗೆ ತೆಗೆದುಕೊಂಡ ಮೇಲೆ ಅಣ್ಣನ ಕಡೆ ತಿರುಗಿ ಕೇಳಿದರು: “ಅಣ್ಣಯ್ಯ, ಈ ವರ್ಸಾನೂ ಗೌರಿ ಬಾಗ್ನ ಕಳಿಸ್ತೀಯಲ್ವಾ?”

“ಅದನ್ನ ತಪ್ಸಕ್ಕಾಯ್ತದೇನವ್ವಾ” ಎಂದರು ಅಣ್ಣ.

ಸಹಿ ಹಾಕಿದರು.

ಮೊರ, ಬಳೆ, ಅರಿಶಿನ ಕುಂಕುಮ, ಒಂದು ರವಿಕೆ ಕಣ, ಅದರ ಮೇಲೆ ನೋಟು. ಗೌರಿ ಬಾಗಿನ ಎಂದರೆ ಇಷ್ಟು. ಎದುರಿಗಿದ್ದದ್ದು ಫಲಕ್ಕೆ ಬಂದ ತೋಟ. ಆ ಪ್ರಶ್ನೆಯಲ್ಲಿ ಬೇಡಿಕೆ ಇತ್ತೋ, ಚುಚ್ಚು ಇತ್ತೋ, ತವರಿನ ಬಾಗಿಲು ಮುಚ್ಚಿಹೋದೀತೆಂಬ ದಿಗಿಲೋ, ನನಗೆ ಇವತ್ತಿಗೂ ಬಗೆಹರಿದಿಲ್ಲ. ಬಗೆಹರಿದಿದ್ದರೆ ಅದರ ಮೇಲೆ ಕತೆ ಬರೆಯುತ್ತಿರಲಿಲ್ಲ, ಯಾರಿಗಾದರೂ ಸಲಹೆ ಕೊಟ್ಟು ಸುಮ್ಮನಾಗುತ್ತಿದ್ದೆ.

ಬರೆಯುವಾಗ ಕಲಿತದ್ದೇ ಬೇರೆ. ಮೊದಲ ಪ್ರತಿಯಲ್ಲಿ ವಕೀಲರೊಬ್ಬರು ಬಂದು 2005ರ ತಿದ್ದುಪಡಿಯನ್ನು ಸಂಪೂರ್ಣವಾಗಿ ವಿವರಿಸುತ್ತಿದ್ದರು. ಅವರನ್ನು ಕಳಿಸಿಕೊಟ್ಟೆ. ಅಣ್ಣನಿಗೆ ಒಂದು ಸಾಲದ ಬಾಧೆ ಕೊಟ್ಟೆ. ಕೇಡಿಗನ ಎದುರು ಯಾರ ಮಾತೂ ಸೊಗಸಾಗಿ ಕೇಳುವುದಿಲ್ಲ, ಕಷ್ಟದಲ್ಲಿರುವವನ ಎದುರು ಕೇಳುತ್ತದೆ. ದೊಡ್ಡ ತೀರ್ಮಾನವೆಂದರೆ ಬಾಗಿನದ ಮಾತನ್ನು ಎಲ್ಲಿಡುವುದು ಎನ್ನುವುದು. ಸ್ನೇಹಿತರೆಲ್ಲ ಕಡೆಯ ಸಾಲಿಗಿಡು ಎಂದರು. ನಾನು ನಡುವಿಗೆ ತಂದೆ. ಯಾಕೆಂದರೆ ಆ ಮಾತು ಆಡಿದ ಮೇಲೂ ಆಕೆ ಅವರಿಬ್ಬರ ಜೊತೆ ಹೋಟೆಲಿಗೆ ಹೋಗಿ ಊಟ ಮಾಡಬೇಕು. ನೋಂದಣಿಯಾದ ಮೇಲೆ ಹೋಟೆಲ್ ಊಟ ನಮ್ಮ ಕಡೆ ರೂಢಿ. ಅಣ್ಣ ಸಪ್ಲೈಯರನ್ನು ಕರೆದು ತಂಗಿಗೆ ಇನ್ನೊಂದು ಹೋಳಿಗೆ ಹಾಕಿಸುತ್ತಾನೆ, ಮೇಲೆ ತುಪ್ಪ ಕೇಳುತ್ತಾನೆ. ಆಕೆ ಸಾಕು ಎನ್ನುವುದಿಲ್ಲ. ಆ ಊಟ ಬರೆಯುವುದೇ ಕಷ್ಟವಾಯಿತು, ಕತೆ ಇದ್ದದ್ದೂ ಅಲ್ಲೇ. ಒಳ್ಳೆಯ ಸಾಲು ಸಿಕ್ಕಿತೆಂದು ಅದನ್ನು ಕೊನೆಗೆ ಎತ್ತಿಟ್ಟು ಪರದೆ ಎಳೆಯುವುದು ಚಪ್ಪಾಳೆಯ ಆಸೆ ಎಂದು ನನ್ನ ಅಭಿಪ್ರಾಯ. ಚೆನ್ನಾಗಿ ಬರೆಯುವವರಲ್ಲೂ ಆ ಚಟ ಇದೆ.

ಲೇಖಕ ತನ್ನ ಅಭಿಪ್ರಾಯ ಬಾಯಿಗೆ ಬಂದಾಗಲೂ ಹೇಗೆ ತಡೆದುಕೊಳ್ಳಬಹುದು ಎನ್ನುವುದಕ್ಕೆ ದೇವನೂರ ಮಹಾದೇವರ ‘ಒಡಲಾಳ’ವನ್ನು ಪೆನ್ಸಿಲ್ ಹಿಡಿದು ಓದಿ. 1981ರಲ್ಲಿ ಬಂದ ಸಣ್ಣ ಕಾದಂಬರಿ. ಸಾಕವ್ವನ ಹುಂಜ ಕಳೆದುಹೋಗಿದೆ, ಆಕೆ ಹುಡುಕುತ್ತಾಳೆ. ರಾತ್ರಿ ಮನೆಮಂದಿಯೆಲ್ಲ ಕೂತು ಕದ್ದು ತಂದ ಕಡಲೆಕಾಯಿ ತಿನ್ನುತ್ತಾರೆ. ಗೋಡೆಯ ಮೇಲೊಂದು ನವಿಲು ಬರುತ್ತದೆ. ಪೊಲೀಸರು ಬರುತ್ತಾರೆ. ಲೇಖಕರೇ ಮುಂದೆ ಬಂದು ಬಡತನದ ಬಗ್ಗೆ ತೀರ್ಪು ಕೊಡುವ ಜಾಗಕ್ಕೆಲ್ಲ ಗೆರೆ ಹಾಕುತ್ತೇನೆ ಎಂದು ಹೊರಟರೆ ಪೆನ್ಸಿಲ್ಲಿಗೆ ಹೆಚ್ಚು ಕೆಲಸ ಸಿಗುವುದಿಲ್ಲ. ಆ ಕಡಲೆಕಾಯಿಯ ರಾತ್ರಿಯನ್ನು ನಾನು ಕೈಯಲ್ಲಿ ನಕಲು ಮಾಡಿದ್ದೇನೆ. ಕೈಬರಹದಲ್ಲಿ ನಕಲು ತೆಗೆಯುವುದು ನಮ್ಮ ಕಸುಬಿನವರಿಗೆ ಅಭ್ಯಾಸ; ಕಣ್ಣು ಹಾರಿಸಿಬಿಡುವುದನ್ನು ಕೈ ಹಾರಿಸುವುದಿಲ್ಲ. ಪ್ಯಾರಾ ಎಲ್ಲಿ ಮುಗಿಯಿತು, ಯಾರ ಮಾತಿಗೆ ‘ಎಂದಳು’ ಇಲ್ಲ, ಯಾರು ಎಷ್ಟು ಹೊತ್ತು ಸುಮ್ಮನಿದ್ದರು, ಎಲ್ಲ ಗೊತ್ತಾಗುತ್ತದೆ. ಕತೆ ಕಲಿಯಲು ಇದಕ್ಕಿಂತ ಅಗ್ಗದ ದಾರಿ ನಾನು ಕಂಡಿಲ್ಲ.

ಆಡುಮಾತಿನ ವಿಷಯಕ್ಕೂ ಅದೇ ಪುಸ್ತಕ ಗುರು, ಆದರೆ ಎಚ್ಚರ ಬೇಕು. ಮಹಾದೇವರು ತಾವು ಕೇಳಿ ಬೆಳೆದ ನಂಜನಗೂಡು ಕಡೆಯ ಮಾತು ಬರೆದರು ಎಂದು ತಿಪಟೂರಿನ ಹುಡುಗನೂ ಅದನ್ನೇ ಬರೆದರೆ ಹೇಗೆ? ಪ್ರತಿ ಪದವನ್ನೂ ತಿರುಚಿ ಬರೆದ ಮಾತನ್ನು ಓದುವುದೇ ಒಂದು ಶಿಕ್ಷೆ. ಒಬ್ಬೊಬ್ಬರಿಗೂ ಪದೇ ಪದೇ ಬರುವ ಒಂದೋ ಎರಡೋ ಮಾತು ಇರುತ್ತವೆ. ನನ್ನ ಹತ್ತಿರ ಬರುವ ಬ್ರೋಕರೊಬ್ಬರು ಯಾವ ವಾಕ್ಯವನ್ನೂ ‘ನ್ಯಾಯವಾಗಿ ಹೇಳ್ಬೇಕಂದ್ರೆ’ ಎನ್ನದೆ ಶುರು ಮಾಡುವುದಿಲ್ಲ. ಆ ಒಂದು ಪದಕಟ್ಟು ಸಾಕು, ಮನುಷ್ಯ ಎದುರು ಬಂದು ನಿಲ್ಲುತ್ತಾನೆ. ಇಂಥವಕ್ಕೆಂದೇ ಒಂದು ನೋಟುಬುಕ್ ಇದೆ. ಹೆಸರು ಬರೆದುಕೊಳ್ಳುವುದಿಲ್ಲ, ಮಾತು ಮಾತ್ರ. ನಂಬಿ ಬಾಯಿ ಬಿಟ್ಟವರು ಅವರು, ನಾಳೆ ಕತೆಯಲ್ಲಿ ತಮ್ಮ ಮುಖ ಕಂಡರೆ ಮತ್ತೆ ಈ ಮೇಜಿನ ಹತ್ತಿರ ಸುಳಿಯರು. ಅಣ್ಣ ತಂಗಿ ಇದ್ದಲ್ಲಿ ಅಕ್ಕ ತಮ್ಮ ಮಾಡುತ್ತೇನೆ, ತೋಟವಿದ್ದಲ್ಲಿ ಗದ್ದೆ.

ಬರೆದದ್ದನ್ನು ಕೂಡಲೇ ಕಳಿಸುವುದಿಲ್ಲ. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವವರು ತೆಂಗಿನಕಾಯನ್ನು ಅಟ್ಟಕ್ಕೆ ಹಾಕಿ ಹತ್ತಿರ ಹತ್ತಿರ ವರ್ಷ ಬಿಡುತ್ತಾರೆ. ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಕರಟ ಬಿಟ್ಟು, ಅಲ್ಲಾಡಿಸಿದರೆ ಗೊಟಗೊಟ ಎನ್ನಬೇಕು. ಅವಸರಪಟ್ಟು ಒಡೆದರೆ ಮಾರುಕಟ್ಟೆಯಲ್ಲಿ ಹರಾಜಿನವರು ಕೈಯಲ್ಲಿ ಹಿಡಿದ ಕೂಡಲೇ ಗುರುತಿಸುತ್ತಾರೆ. ಕತೆಗೆ ವರ್ಷ ಬೇಡ, ಆದರೆ ಬರೆದಾಗಿನ ಬಿಸಿ ಆರುವವರೆಗೆ ನಾನು ಟ್ರಂಕಿನಿಂದ ತೆಗೆಯುವುದಿಲ್ಲ. ತೆಗೆದಾಗ ಮೊದಲು ಕಾಣುವುದು ವಿಶೇಷಣಗಳು, ಆಮೇಲೆ ನನ್ನ ಜಾಣತನ.

ಮೊದಲ ಓದುಗ ಯಾರಾಗಬೇಕು? ಸಾಹಿತಿ ಮಿತ್ರರಂತೂ ಬೇಡ. ಅವರು ‘ಚೆನ್ನಾಗಿದೆ’ ಎನ್ನುತ್ತಾರೆ, ಅದರಿಂದ ಏನೂ ಹುಟ್ಟುವುದಿಲ್ಲ. ಪಕ್ಕದ ಜೆರಾಕ್ಸ್ ಅಂಗಡಿಯ ಹುಡುಗನಿಗೆ ನಾನು ಓದಿ ಹೇಳುತ್ತೇನೆ. ಅಭಿಪ್ರಾಯ ಕೇಳುವುದಿಲ್ಲ. ಎರಡು ದಿನ ಬಿಟ್ಟು, “ಆ ಕತೆ ಏನಪ್ಪಾ ಅದು, ಸ್ವಲ್ಪ ಹೇಳು” ಎನ್ನುತ್ತೇನೆ. ಅವನು ಹೇಳುವಾಗ ಬಿಟ್ಟುಬಿಟ್ಟದ್ದನ್ನೆಲ್ಲ ಮತ್ತೆ ನೋಡುತ್ತೇನೆ, ಬಹುಪಾಲು ಹೊಡೆದುಹಾಕುತ್ತೇನೆ. ಒಮ್ಮೆ ಕತೆಯ ಮೂಲೆಯಲ್ಲಿ ಸುಮ್ಮನೆ ಬಂದಿದ್ದ ಹಸುವಿನ ಬಗ್ಗೆಯೇ, “ಆಮೇಲೆ ಅದೇನಾಯ್ತು ಸಾರ್?” ಎಂದ. ಹಸುವನ್ನು ಮುಂದಕ್ಕೆ ತಂದೆ.

ಕಥಾಕಮ್ಮಟಗಳಿಗೆ ಹೋಗಿದ್ದೇನೆ. ಒಳ್ಳೆಯ ಊಟ, ಒಳ್ಳೆಯ ಗೆಳೆಯರು. ಕತೆ ಅಲ್ಲಿ ಕಲಿಯಲಿಲ್ಲ, ಯಾವ ಪುಸ್ತಕ ಓದಬೇಕೆಂದು ಕಲಿತೆ. ಅಷ್ಟಕ್ಕಾದರೂ ಹೋಗಬೇಕು.

ಅಚ್ಚಿನ ವಿಷಯ ಬೇಗ ಹೇಳಿಬಿಡುತ್ತೇನೆ. ಮಯೂರ, ತುಷಾರ, ಸುಧಾ, ಕರ್ಮವೀರ, ತರಂಗ, ದೀಪಾವಳಿ ವಿಶೇಷಾಂಕಗಳ ಸ್ಪರ್ಧೆಗಳು. ಇನ್ನೂ ಸಂಕಲನ ಬಾರದವರ ಹಸ್ತಪ್ರತಿಗೆಂದೇ ಛಂದ ಪುಸ್ತಕದವರು ನಡೆಸಿಕೊಂಡು ಬಂದ ಬಹುಮಾನ. ಕಳಿಸುವ ಮೊದಲು ಪದಮಿತಿ ನೋಡಿ. ಒಂದೇ ಕತೆಯನ್ನು ಎರಡು ಕಡೆಗೆ ಕಳಿಸಬೇಡಿ. ಒಂದೇ ಸೈಟನ್ನು ಇಬ್ಬರಿಗೆ ಮಾರುವವರ ಗತಿ ನಾನು ದಿನಾ ನೋಡುತ್ತೇನೆ. ಉತ್ತರ ಬಾರದಿದ್ದರೆ ತಿರಸ್ಕಾರವೆಂದು ತಿಳಿದು ಮುಂದಿನದನ್ನು ಬರೆಯಿರಿ. ಸಂಪಾದಕರಿಗೆ ಫೋನು ಮಾಡಿ ಕಾರಣ ಕೇಳುವ ಹುಡುಗರಿದ್ದಾರೆ. ಬೇಡ.

ಇದಿಷ್ಟನ್ನೂ ಕೇಳಿಸಿಕೊಂಡು ತಲೆಯಾಡಿಸುವ ಹುಡುಗರಿಗೆ ನಾನು ಕಡೆಗೆ ಒಂದು ಪ್ರಶ್ನೆ ಹಾಕುತ್ತೇನೆ: ಕತೆ ಕಳಿಸಬೇಕೆಂದಿರುವ ಪತ್ರಿಕೆಯನ್ನು ನೀವು ಕೊಂಡು ಓದಿದ್ದು ಯಾವಾಗ? ಉತ್ತರ ಬರುವುದಿಲ್ಲ. ವಿವೇಕ ಶಾನಭಾಗರು 2005ರಲ್ಲಿ ಶುರು ಮಾಡಿದ ‘ದೇಶ ಕಾಲ’ದಂಥ ಪತ್ರಿಕೆಯೇ ಏಳು ವರ್ಷಕ್ಕೆ ನಿಂತಿತು. ನಮ್ಮ ಬಸ್‌ಸ್ಟ್ಯಾಂಡಿನ ಪೇಪರ್ ಅಂಗಡಿಯವರು ಮಾಸಪತ್ರಿಕೆಗಳನ್ನು ಈಗ ಕೇಳಿದವರಿಗೆ ಮಾತ್ರ ತರಿಸುತ್ತಾರೆ. ಕತೆ ಬರೆಯುವ ಆಸೆಯಿದ್ದವರು ಈ ತಿಂಗಳೇ ಹೋಗಿ ಒಂದಕ್ಕೆ ಹೇಳಿಡಿ. ಬಂದ ಮೇಲೆ ಅದರಲ್ಲಿರುವ ಕತೆಗಳನ್ನು ಓದಿ, ಹಿಡಿಸಿದ ಕತೆಗಾರರಿಗೆ ಒಂದು ಕಾಗದ ಬರೆಯಿರಿ.