ಸೊಲ್ಲಾಪುರ–ಅಕ್ಕಲಕೋಟೆ: ಗಡಿನಾಡಿನ ಕನ್ನಡ ಕಲಿಕೆ

* ಸ್ಥಾನ: ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆ. ಕರ್ನಾಟಕದ ವಿಜಯಪುರ, ಕಲಬುರಗಿ ಜಿಲ್ಲೆಗಳಿಗೆ ಹೊಂದಿಕೊಂಡಿದೆ. ಅಕ್ಕಲಕೋಟೆ ಇದರ ತಾಲ್ಲೂಕು. ಇಲ್ಲಿ ಕನ್ನಡ ಮಾಧ್ಯಮ ಶಾಲೆಗಳಿವೆ.
* ಪಠ್ಯಪುಸ್ತಕ: ಪುಣೆಯ ‘ಬಾಲಭಾರತಿ’ (ಸ್ಥಾಪನೆ 1967). ಮರಾಠಿಯ ಜೊತೆಗೆ ಕನ್ನಡ, ತೆಲುಗು, ಉರ್ದು, ಗುಜರಾತಿ, ಸಿಂಧಿ ಪುಸ್ತಕಗಳನ್ನೂ ಪ್ರಕಟಿಸುತ್ತದೆ.
* ಸಂವಿಧಾನ:
 – 29, 30ನೇ ವಿಧಿ: ಅಲ್ಪಸಂಖ್ಯಾತರ ಭಾಷೆ, ಶಿಕ್ಷಣ ಸಂಸ್ಥೆಗಳ ಹಕ್ಕು
 – 350ಎ: ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣ
 – 350ಬಿ: ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿ
 (350ಎ, 350ಬಿ ಸೇರ್ಪಡೆ: 7ನೇ ತಿದ್ದುಪಡಿ, 1956)
* ಮಹಾಜನ ಆಯೋಗ (ಮಹಾರಾಷ್ಟ್ರ–ಕರ್ನಾಟಕ ಗಡಿ ವಿವಾದದ ಪರಿಶೀಲನೆಗೆ): ನೇಮಕ 1966, ವರದಿ 1967. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ಕರ್ನಾಟಕಕ್ಕೆ ಸೇರಲೆಂದು ಶಿಫಾರಸು, ಜಾರಿಯಾಗಿಲ್ಲ.
* ವ್ಯಕ್ತಿಗಳು: ಸೊಲ್ಲಾಪುರದ ವಚನಕಾರ ಸಿದ್ಧರಾಮ (12ನೇ ಶತಮಾನ); ಅಲ್ಲಿಯವರೇ ಆದ ಜಯದೇವಿತಾಯಿ ಲಿಗಾಡೆ, ಕನ್ನಡ ಸಾಹಿತ್ಯ ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷೆ (ಮಂಡ್ಯ, 1974).

ನೆನಪಿಡಿ: ರಾಜ್ಯದ ಗಡಿ ಯಾವುದೇ ಇರಲಿ, ತಾಯ್ನುಡಿಯಲ್ಲಿ ಕಲಿಯುವ ಅವಕಾಶ ಒದಗಿಸುವುದು ಆಯಾ ರಾಜ್ಯದ ಹೊಣೆ.